ರಜೆಗೆ ಹೊರಡುವ ಮುಂಚೆ: ಬಸ್ಸು, ಕಾರು, ರೈಲು, ವಿಮಾನ ನಿಮ್ಮ ಮೈಗೆ ಏನು ಮಾಡುತ್ತವೆ?

ಹಾಸನದ ಬಸ್ ಸ್ಟ್ಯಾಂಡ್ ಹತ್ತಿರ ನಮ್ಮ ಮೆಡಿಕಲ್ ಶಾಪ್ ಇದೆ. ಬೆಂಗಳೂರು ಕಡೆಯಿಂದ ಧರ್ಮಸ್ಥಳ, ಸುಬ್ರಹ್ಮಣ್ಯ, ಬೇಲೂರು, ಮಂಗಳೂರು ಅಂತ ಹೊರಟವರಲ್ಲಿ ಬಹಳ ಜನ ಇಲ್ಲಿ ಇಳಿದು ಕಾಫಿ ಕುಡಿದೇ ಮುಂದಕ್ಕೆ ಹೋಗುವುದು. ದಸರಾ ರಜೆ, ಬೇಸಿಗೆ ರಜೆ ಬಂತೆಂದರೆ ಅಂಗಡಿಯಲ್ಲಿ ಪ್ರಯಾಣದ್ದೇ ಮಾತು. ಹೋಗುವಾಗ ವಾಂತಿ ಮಾತ್ರೆ ಕೇಳುತ್ತಾರೆ, ಬರುವಾಗ ಸೊಂಟ ನೋವಿಗೆ ಮುಲಾಮು ಕೇಳುತ್ತಾರೆ.

ಟ್ರಿಪ್ ಪ್ಲಾನ್ ಮಾಡುವಾಗ ರೂಮು, ಊಟ, ನೋಡುವ ಜಾಗ ಎಲ್ಲದಕ್ಕೂ ಗಂಟೆಗಟ್ಟಲೆ ಚರ್ಚೆ ಆಗುತ್ತದೆ. ಗಾಡಿ ವಿಷಯ ಬಂದಾಗ ಮಾತ್ರ ಎಷ್ಟು ಬೇಗ ತಲುಪುತ್ತದೆ, ಎಷ್ಟು ದುಡ್ಡು ಅಂತ ಎರಡೇ ಪ್ರಶ್ನೆ. ಮೂರನೆಯದೊಂದು ಸೇರಿಸಿಕೊಳ್ಳಿ: ನಮ್ಮಲ್ಲಿ ಯಾರ ಮೈ ಎಲ್ಲರಿಗಿಂತ ಸೂಕ್ಷ್ಮ? ಮೂಳೆ ಸವೆದ ಅಜ್ಜಿಯೋ, ಶುಗರ್ ಇರುವ ಅಪ್ಪನೋ, ಕಾರು ಹತ್ತಿದ ಕೂಡಲೇ ಮುಖ ಬಿಳುಚಿಕೊಳ್ಳುವ ಮಗುವೋ? ಅವರಿಗೆ ಒಗ್ಗುವ ಗಾಡಿ, ಅವರಿಗೆ ಒಗ್ಗುವ ಸೀಟು ಮೊದಲು ನೋಡಿ. ಉಳಿದವರು ಹೇಗೋ ಹೊಂದಿಕೊಳ್ಳುತ್ತಾರೆ.

ಘಾಟಿ ದಾರಿಯಲ್ಲಿ ವಾಂತಿ

ಶಿರಾಡಿ, ಚಾರ್ಮಾಡಿ, ಆಗುಂಬೆ ಯಾವುದೇ ಇರಲಿ, ತಿರುವಿನಲ್ಲಿ ವಾಂತಿ ಆಗುವುದಕ್ಕೆ ಕಾರಣ ಹೊಟ್ಟೆಯಲ್ಲ. ನಮ್ಮ ಒಳಕಿವಿಯಲ್ಲಿ ಮೈ ಅಲುಗಾಟ ತಿಳಿಯುವ ಅಂಗ ಇದೆ. ಬಸ್ಸು ತಿರುಗಿದಾಗ ಅದು 'ನಾವು ತಿರುಗುತ್ತಿದ್ದೇವೆ' ಅಂತ ಮೆದುಳಿಗೆ ಹೇಳುತ್ತದೆ. ಅದೇ ಹೊತ್ತಿಗೆ ಕಣ್ಣು ಮೊಬೈಲ್ ಮೇಲೋ ಎದುರಿನ ಸೀಟಿನ ಮೇಲೋ ಇದ್ದರೆ 'ಏನೂ ಅಲುಗಾಡುತ್ತಿಲ್ಲ' ಅನ್ನುತ್ತದೆ. ಈ ಎರಡು ಸುದ್ದಿ ತಾಳೆಯಾಗದೆ ತಲೆ ಸುತ್ತುತ್ತದೆ, ಬೆವರುತ್ತದೆ, ಆಮೇಲೆ ವಾಂತಿ. ಡ್ರೈವರ್‌ಗೆ ಯಾಕೆ ಆಗುವುದಿಲ್ಲ ಹೇಳಿ? ಮುಂದಿನ ತಿರುವು ಅವರ ಕಣ್ಣಿಗೆ ಮೊದಲೇ ಬಿದ್ದಿರುತ್ತದೆ.

ಎರಡು ವರ್ಷದಿಂದ ಹನ್ನೆರಡು ವರ್ಷದ ಮಕ್ಕಳಿಗೆ ಇದು ಜಾಸ್ತಿ. ಮೈಗ್ರೇನ್ ಇರುವವರಿಗೂ ಜಾಸ್ತಿ. ಬಸ್ಸಿನಲ್ಲಾದರೆ ಮುಂದಿನ ಭಾಗದ ಸೀಟು ಹಿಡಿಯಿರಿ. ಕಾರಿನಲ್ಲಿ ದೊಡ್ಡವರಿಗೆ ಆಗುವುದಾದರೆ ಅವರನ್ನೇ ಮುಂದೆ ಕೂರಿಸಿ. ಮಕ್ಕಳನ್ನು ಹಿಂದಿನ ಸೀಟಿನ ನಡುವೆ, ಎದುರಿನ ರಸ್ತೆ ಕಾಣುವ ಹಾಗೆ, ಬೆಲ್ಟ್ ಹಾಕಿ ಕೂರಿಸಿ. ಮೊಬೈಲ್ ಕೊಡಬೇಡಿ. ಸುಮ್ಮನಿರಲಿ ಅಂತ ಕಾರ್ಟೂನ್ ಹಾಕಿಕೊಟ್ಟ ಮಗುವೇ ಚಾರ್ಮಾಡಿ ದಾರಿಯ ಕೊಟ್ಟಿಗೆಹಾರ ದಾಟಿ ಸ್ವಲ್ಪ ಹೊತ್ತಿಗೆ ವಾಂತಿ ಮಾಡುವುದು.

ಹೊಟ್ಟೆ ತೀರಾ ಖಾಲಿ ಇರಬಾರದು, ಬಿರಿಯುವಷ್ಟು ತುಂಬಿರಲೂಬಾರದು. ಹೊರಡುವ ಒಂದು ಗಂಟೆ ಮೊದಲು ಎರಡು ಇಡ್ಲಿ ಸಾಕು. ಪೂರಿ ಸಾಗು, ವಡೆ ಬೇಡ. ಶುಂಠಿ ಚೂರು ಬಾಯಿಗೆ ಹಾಕಿಕೊಂಡರೆ ಕೆಲವರಿಗೆ ಹಿತ ಅನಿಸುತ್ತದೆ. ನಿಂಬೆಹಣ್ಣು ಮೂಸಿದರೆ ಡೀಸೆಲ್ ವಾಸನೆಯಾದರೂ ತಪ್ಪುತ್ತದೆ.

ಇನ್ನು ಮಾತ್ರೆ. 'ಅಕ್ಕಾ, ವಾಂತಿ ಮಾತ್ರೆ ಕೊಡಿ' ಅಂತ ಬರುವವರಲ್ಲಿ ಬಹಳ ಜನ ಒಂಡಾನ್‌ಸೆಟ್ರಾನ್ ಹೆಸರು ಹೇಳುತ್ತಾರೆ, ಮಗುವಿಗೆ ಜ್ವರ-ವಾಂತಿ ಬಂದಾಗ ಡಾಕ್ಟರ್ ಅದನ್ನೇ ಬರೆದುಕೊಟ್ಟಿದ್ದರು ಅಂತ. ಪ್ರಯಾಣದ ವಾಂತಿಗೆ ಅದು ಕೆಲಸ ಮಾಡುವುದಿಲ್ಲ. ಇದಕ್ಕೆ ಬೇಕಾಗಿರುವುದು ಪ್ರೊಮೆಥಾಜಿನ್ ಥರದ್ದು. ಅವೋಮಿನ್ ಅಂತ ನಿಮಗೆ ಗೊತ್ತಿರುವುದು ಅದೇ. ಅದನ್ನು ಒಂದೆರಡು ಗಂಟೆ ಮೊದಲೇ ನುಂಗಬೇಕು. ಸಕಲೇಶಪುರ ದಾಟಿ, ಘಾಟಿ ಶುರುವಾಗಿ, ಹೊಟ್ಟೆ ತೊಳಸುವಾಗ ನುಂಗಿದರೆ ಮಾತ್ರೆಯೂ ಹೊರಗೇ ಬರುತ್ತದೆ. ಶಿರಾಡಿ ಕಡೆ ಹೋಗುವ ಬೆಂಗಳೂರಿನವರು ಚನ್ನರಾಯಪಟ್ಟಣದ ಹತ್ತಿರ ನುಂಗಿದರೆ ಸರಿಹೋಗುತ್ತದೆ. ಇದರಿಂದ ಚೆನ್ನಾಗಿ ನಿದ್ದೆ ಬರುತ್ತದೆ, ಹಾಗಾಗಿ ಗಾಡಿ ಓಡಿಸುವವರು ಮುಟ್ಟಲೇಬಾರದು. ಇದರ ಜೊತೆ ಕುಡಿತವೂ ಬೇಡ. ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡುವ ಹಾಗೇ ಇಲ್ಲ. ಅದಕ್ಕಿಂತ ದೊಡ್ಡ ಮಕ್ಕಳಿಗೆ ಎಷ್ಟು ಅನ್ನುವುದನ್ನು ಡಾಕ್ಟರ್ ಹತ್ತಿರ ಕೇಳಿಯೇ ಕೊಡಿ. ಗ್ಲೂಕೋಮಾ (ಕಣ್ಣಿನ ಒತ್ತಡದ ಕಾಯಿಲೆ) ಅಥವಾ ಪ್ರಾಸ್ಟೇಟ್ (ಗಂಡಸರ ಮೂತ್ರಕೋಶದ ಕೆಳಗಿನ ಗ್ರಂಥಿ) ತೊಂದರೆ ಇರುವ ಹಿರಿಯರೂ ಕೇಳದೆ ನುಂಗಬೇಡಿ.

ಹಿರಿಯರನ್ನು ಕೊನೇ ಸೀಟಿನಲ್ಲಿ ಕೂರಿಸಬೇಡಿ

ಈ ಒಂದು ಮಾತನ್ನು ದಯವಿಟ್ಟು ಮನೆಯವರಿಗೆಲ್ಲ ಹೇಳಿ.

ನಮ್ಮ ಬೀದಿಯ ಅಜ್ಜಿಯೊಬ್ಬರು ಮೊಮ್ಮಕ್ಕಳ ಜೊತೆ ಟೆಂಪೋ ಟ್ರಾವೆಲರ್‌ನಲ್ಲಿ ದೇವಸ್ಥಾನ ಸುತ್ತಲು ಹೋಗಿದ್ದರು. ಕಾಲು ಚಾಚಲು ಜಾಗ ಸಿಗುತ್ತದೆ ಅಂತ ಹಿಂದಿನ ಉದ್ದ ಸೀಟಿನಲ್ಲಿ ಕೂರಿಸಿದ್ದರು. ಒಂದು ಹಂಪ್‌ನಲ್ಲಿ ಗಾಡಿ ಜೋರಾಗಿ ಹಾರಿತು. ಅಜ್ಜಿ ಸೀಟಿನಿಂದ ಎದ್ದು ಧೊಪ್ಪನೆ ಕೂತರು. 'ಬೆನ್ನಲ್ಲಿ ಛಳುಕ್ ಅಂತು ಕಣಮ್ಮಾ' ಅಂತ ನನ್ನ ಹತ್ತಿರ ಹೇಳಿಕೊಂಡರು. ಮುಲಾಮು ಹಚ್ಚಿ ಎರಡು ವಾರ ಕಳೆದರೂ ನೋವು ಇಳಿಯಲಿಲ್ಲ. ಎಕ್ಸ್-ರೇ ತೆಗೆಸಿದರೆ ಬೆನ್ನೆಲುಬಿನ ಒಂದು ಮೂಳೆ ಚಪ್ಪಟೆಯಾಗಿತ್ತು.

ಬಸ್ಸಿನ ಹಿಂದಿನ ಚಕ್ರದ ಆಚೆಗಿನ ಭಾಗ ಹಳೇ ಕಾಲದ ಏತದ ತುದಿ ಇದ್ದ ಹಾಗೆ. ಚಕ್ರ ಒಂದು ಗೇಣು ಎದ್ದರೆ ತುದಿ ಇನ್ನೂ ಮೇಲೆ ಹೋಗಿ ಅಷ್ಟೇ ರಭಸದಲ್ಲಿ ಕೆಳಗೆ ಬರುತ್ತದೆ. ವಯಸ್ಸಾದವರಿಗೆ, ಅದರಲ್ಲೂ ಮುಟ್ಟು ನಿಂತ ಹೆಂಗಸರಿಗೆ, ಮೂಳೆ ಒಳಗೊಳಗೇ ಟೊಳ್ಳಾಗಿರುತ್ತದೆ. ಬೀಳುವುದೇನೂ ಬೇಡ, ಆ ಒಂದು ಕುಕ್ಕುವಿಕೆಯೇ ಸಾಕು.

ಹಿರಿಯರಿಗೆ ಮುಂದಿನ ಚಕ್ರ, ಹಿಂದಿನ ಚಕ್ರ ಎರಡರ ನಡುವಿನ ಸೀಟೇ ಬೇಕು. ಟಿಕೆಟ್ ಬುಕ್ ಮಾಡುವಾಗ ಸೀಟಿನ ನಕ್ಷೆಯಲ್ಲಿ ಬಾಗಿಲು, ಚಕ್ರ ಎಲ್ಲಿವೆ ಅಂತ ನೋಡಿ. ನಡುವೆ ಸಿಗದಿದ್ದರೆ ಇನ್ನೊಂದು ಬಸ್ಸಿಗೆ ಕಾಯಿರಿ. ಸ್ಲೀಪರ್ ಬಸ್ಸಿನಲ್ಲೂ ಕೊನೇ ಬರ್ತ್ ಬೇಡ, ಮೇಲಿನದ್ದಂತೂ ಬೇಡವೇ ಬೇಡ. ಬಾಡಿಗೆ ಗಾಡಿ ಆದರೆ ಹೊರಡುವಾಗಲೇ ಡ್ರೈವರ್‌ಗೆ 'ಅಣ್ಣಾ, ಹಿಂದೆ ವಯಸ್ಸಾದವರಿದ್ದಾರೆ, ಹಂಪ್‌ನಲ್ಲಿ ನಿಧಾನ' ಅಂತ ಹೇಳಿಬಿಡಿ. ಹೇಳಿದರೆ ಕೇಳುತ್ತಾರೆ. ಪ್ರಯಾಣದಲ್ಲಿ ಇದ್ದಕ್ಕಿದ್ದಂತೆ ಬಂದ ಬೆನ್ನು ನೋವು ನಾಲ್ಕೈದು ದಿನದಲ್ಲಿ ಕಡಿಮೆಯಾಗದಿದ್ದರೆ ಮುಲಾಮು ನಿಲ್ಲಿಸಿ ಮೂಳೆ ಡಾಕ್ಟರ್ ಹತ್ತಿರ ಹೋಗಿ. ಕಾಲು ಜೋಮು ಹಿಡಿದರೆ ಅಥವಾ ಮೂತ್ರದ ಹಿಡಿತ ತಪ್ಪಿದರೆ ಅದೇ ದಿನ ಹೋಗಿ.

ಬಹಳ ಹೊತ್ತು ಕೂತರೆ

ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಅಲುಗಾಡದೆ ಕೂತರೆ ಕಾಲಿನ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಸುಮಾರು ಎರಡು ಪಟ್ಟಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಈ ಮಾತು ಹೇಳಿತು. ವಿಮಾನಕ್ಕೆ ಮಾತ್ರ ಅಲ್ಲ, ಬಸ್ಸು, ಕಾರು, ರೈಲು ಎಲ್ಲಕ್ಕೂ ಅನ್ವಯ. ಗಾಬರಿ ಬೇಡ, ಆರೋಗ್ಯವಂತರಲ್ಲಿ ಇದು ಸುಮಾರು 6,000 ಜನರಲ್ಲಿ ಒಬ್ಬರಿಗೆ ಆಗುವಂಥದ್ದು. ಆದರೆ ಇತ್ತೀಚೆಗೆ ಆಪರೇಷನ್ ಆದವರು, ಬಸುರಿ-ಬಾಣಂತಿಯರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಮೊದಲೊಮ್ಮೆ ಹೆಪ್ಪುಗಟ್ಟಿದ್ದವರು, ಹಾರ್ಮೋನ್ ಮಾತ್ರೆ ನುಂಗುವವರು ಈ ಲೆಕ್ಕಕ್ಕೆ ಸೇರುವುದಿಲ್ಲ. ಅವರಿಗೆ ಅಪಾಯ ಜಾಸ್ತಿ.

ಹಾರ್ಮೋನ್ ಮಾತ್ರೆ ಅಂದೆನಲ್ಲ, ಅದರ ಬಗ್ಗೆ ಬಿಡಿಸಿ ಹೇಳಬೇಕು. ದೇವಸ್ಥಾನಕ್ಕೆ ಹೊರಟ ಹೆಣ್ಣುಮಕ್ಕಳು ಮೆತ್ತಗೆ ಬಂದು, ಬೇರೆಯವರು ಹೋಗುವವರೆಗೂ ಕಾದು, 'ಅಕ್ಕಾ, ಡೇಟ್ ಮುಂದಕ್ಕೆ ಹಾಕುವ ಮಾತ್ರೆ ಇದೆಯಾ?' ಅಂತ ಕೇಳುತ್ತಾರೆ. ಕೆಲವು ಸಲ ಗಂಡನೋ ಅಣ್ಣನೋ ಬಂದು ಚೀಟಿ ತೋರಿಸುತ್ತಾರೆ. ಅದು ನಾರೆಥಿಸ್ಟೆರಾನ್. ದಿನಕ್ಕೆ ಮೂರು ಸಲ ನುಂಗುವ ಮಾತ್ರೆ. ಆ ಪ್ರಮಾಣದಲ್ಲಿ ಅದರ ಒಂದು ಪಾಲು ಮೈಯೊಳಗೆ ಈಸ್ಟ್ರೋಜನ್ ಅನ್ನುವ ಹೆಣ್ಣು ಹಾರ್ಮೋನ್ ಆಗಿ ಬದಲಾಗುತ್ತದೆ, ಈಸ್ಟ್ರೋಜನ್ ರಕ್ತ ಹೆಪ್ಪುಗಟ್ಟುವುದನ್ನು ಹೆಚ್ಚಿಸುತ್ತದೆ. ಅದರ ಮೇಲೆ ರಾತ್ರಿಯಿಡೀ ಬಸ್ಸು. ದಾರಿಯಲ್ಲಿ ಶೌಚಾಲಯ ಸಿಗಲ್ಲ ಅಂತ ನೀರೂ ಕುಡಿದಿರುವುದಿಲ್ಲ. ಮೂರೂ ಒಟ್ಟಿಗೆ ಸೇರುತ್ತವೆ ನೋಡಿ.

ಡಾಕ್ಟರ್ ಚೀಟಿ ಇಲ್ಲದೆ ನಾನು ಆ ಮಾತ್ರೆ ಕೊಡುವುದಿಲ್ಲ. ಬೇಜಾರು ಮಾಡಿಕೊಂಡು ಹೋಗುವವರಿದ್ದಾರೆ, ಪರವಾಗಿಲ್ಲ. ಹೆಚ್ಚಿನವರಿಗೆ ಕೆಲವು ದಿನದ ಮಟ್ಟಿಗೆ ಇದರಿಂದ ತೊಂದರೆ ಆಗುವುದಿಲ್ಲ ನಿಜ. ಆದರೆ ಮನೆಯಲ್ಲಿ ಯಾರಿಗಾದರೂ ಹೆಪ್ಪುಗಟ್ಟಿತ್ತಾ, ತೂಕ ಎಷ್ಟು, ಬಿ.ಪಿ. ಇದೆಯಾ, ಮೈಗ್ರೇನ್ ಇದೆಯಾ, ಸಿಗರೇಟ್ ಸೇದುತ್ತೀರಾ ಅಂತ ಒಬ್ಬರು ಕೇಳಲೇಬೇಕು. ಡಾಕ್ಟರ್‌ಗೆ ಒಂದು ವಾರ ಮೊದಲೇ ತೋರಿಸಿ. 'ಇಷ್ಟು ಗಂಟೆ ಬಸ್ಸಿನಲ್ಲಿ ಕೂರುತ್ತೇನೆ' ಅಂತಲೂ ಹೇಳಿ.

ಕೂತಲ್ಲೇ ಮಾಡಬಹುದಾದ ಕೆಲಸ ಸುಲಭ. ಹಿಮ್ಮಡಿ ನೆಲಕ್ಕೆ ಊರಿ ಬೆರಳು ಎತ್ತಿ, ಆಮೇಲೆ ಬೆರಳು ಊರಿ ಹಿಮ್ಮಡಿ ಎತ್ತಿ. ಮೀನಖಂಡ ಬಿಗಿಯಾಗಿ ಸಡಿಲವಾಗಬೇಕು, ಅದೇ ರಕ್ತವನ್ನು ಮೇಲಕ್ಕೆ ನೂಕುವುದು. ಅರ್ಧ ಗಂಟೆಗೊಮ್ಮೆ ಇಪ್ಪತ್ತು ಸಲ ಮಾಡಿ. ಬಸ್ಸು ನಿಂತಾಗಲೆಲ್ಲ ಇಳಿದು ಹತ್ತು ಹೆಜ್ಜೆ ನಡೆಯಿರಿ. ಕಾಲ ಕೆಳಗೆ ಬ್ಯಾಗ್ ತುರುಕಿಕೊಂಡು ಮಡಿಸಿ ಕೂರಬೇಡಿ.

ಊರು ತಲುಪಿದ ಮೇಲೆ ಎರಡೂ ಪಾದ ಸಮನಾಗಿ ಊದಿದ್ದರೆ ಸಾಮಾನ್ಯವಾಗಿ ಒಂದು ರಾತ್ರಿ ಕಾಲು ಎತ್ತರಿಸಿ ಮಲಗಿದರೆ ಇಳಿಯುತ್ತದೆ. ಒಂದೇ ಕಾಲು ಊದಿ, ಮೀನಖಂಡ ನೋಯುತ್ತಿದ್ದರೆ, ಮುಟ್ಟಿದರೆ ಬಿಸಿ ಇದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ತಿಕ್ಕಬೇಡಿ, ಎಣ್ಣೆ ಹಚ್ಚಿ ನೀವಿಸಬೇಡಿ. ಉಸಿರು ಕಟ್ಟಿದರೆ, ಎದೆ ನೋವು ಬಂದರೆ 108ಕ್ಕೆ ಫೋನ್ ಮಾಡಿ. ಇದು ಮನೆಗೆ ಬಂದು ಕೆಲವು ವಾರದ ನಂತರವೂ ಆಗಬಹುದು. ಡಾಕ್ಟರ್‌ಗೆ ಪ್ರಯಾಣದ ವಿಷಯ ಹೇಳುವುದನ್ನು ಮರೆಯಬೇಡಿ.

ನೀರು ಕುಡಿಯದೆ, ಮೂತ್ರ ತಡೆದುಕೊಂಡು ಕೂರುವುದರ ಇನ್ನೊಂದು ಫಲ ಉರಿಮೂತ್ರ. ರಜೆ ಮುಗಿದ ವಾರ ಇದಕ್ಕೆ ಔಷಧಿ ಕೇಳಿಕೊಂಡು ಬರುವ ಹೆಣ್ಣುಮಕ್ಕಳನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಪೆಟ್ರೋಲ್ ಬಂಕ್‌ಗಳಲ್ಲಿ ಶೌಚಾಲಯ ಇರಲೇಬೇಕು. ಸಂಕೋಚ ಬಿಟ್ಟು ಕೇಳಿ. ಬೀಗ ಹಾಕಿದ್ದರೆ ಕೀ ಕೇಳಿ.

ರೈಲು

ವಯಸ್ಸಾದವರಿಗೆ, ಶುಗರ್ ಇರುವವರಿಗೆ, ಬಸುರಿಯರಿಗೆ ನಾನು ಮೊದಲು ಹೇಳುವುದು ರೈಲನ್ನೇ. ಎದ್ದು ನಡೆಯಬಹುದು, ಶೌಚಾಲಯ ಇರುತ್ತದೆ, ಕುಲುಕಾಟ ಕಡಿಮೆ. ಘಾಟಿಯಲ್ಲಿ ಇದು ಎದ್ದು ಕಾಣುತ್ತದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಸುಮಾರು 55 ಕಿ.ಮೀ., 57 ಸುರಂಗ. ರೈಲು ನಿಧಾನವಾಗಿ, ಅಗಲವಾದ ತಿರುವಿನಲ್ಲಿ ಇಳಿಯುತ್ತದೆ. ಶಿರಾಡಿ ರಸ್ತೆಯಲ್ಲಿ ವಾಂತಿ ಮಾಡುವವರು ಇಲ್ಲಿ ಹಾಯಾಗಿ ಕೂತಿರುತ್ತಾರೆ. 2021ರಿಂದ ಯಶವಂತಪುರ-ಮಂಗಳೂರು ಹಗಲು ರೈಲಿಗೆ ಗಾಜಿನ ವಿಸ್ಟಾಡೋಮ್ ಬೋಗಿಯೂ ಬಂದಿದೆ. ರಾತ್ರಿ ರೈಲಿಗೆ ಬುಕ್ ಮಾಡುವಾಗ 60 ದಾಟಿದ ಗಂಡಸರ, 45 ದಾಟಿದ ಹೆಂಗಸರ ವಯಸ್ಸು ಸರಿಯಾಗಿ ಹಾಕಿ. ಅವರಿಗೆ ಕೆಳಗಿನ ಬರ್ತ್ ಕೋಟಾ ಇದೆ. ಮಂಡಿ ನೋವಿನವರು ಮೇಲಿನ ಬರ್ತ್‌ನಿಂದ ರಾತ್ರಿ ಇಳಿಯುವಾಗ ಬಿದ್ದರೆ ರಜೆಯೆಲ್ಲ ಆಸ್ಪತ್ರೆಯಲ್ಲೇ.

ಸ್ವಂತ ಕಾರು

ಶುಕ್ರವಾರ ಆಫೀಸ್ ಮುಗಿಸಿ, ರಾತ್ರಿ ಹನ್ನೊಂದಕ್ಕೆ ಬೆಂಗಳೂರು ಬಿಟ್ಟು, ಬೆಳಗಾಗುವಷ್ಟರಲ್ಲಿ ಸಕಲೇಶಪುರದ ಹೋಂಸ್ಟೇ ಸೇರುವ ಹುಡುಗರ ಗುಂಪುಗಳು ಬಹಳ. ಟ್ರಾಫಿಕ್ ಇರಲ್ಲ ಅನ್ನುತ್ತಾರೆ. ನಿಜ, ಇರಲ್ಲ. ಆದರೆ ರಾತ್ರಿ ಎರಡರಿಂದ ಬೆಳಗಿನ ಐದರವರೆಗೆ ನಮ್ಮ ಮೈ ನಿದ್ದೆಗೆ ಎಳೆಯುವ ಹೊತ್ತು, ಎಷ್ಟೇ ಗಟ್ಟಿ ಮನುಷ್ಯನಾದರೂ. ಕಣ್ಣು ತೆರೆದಿದ್ದರೂ ಮೂರ್ನಾಲ್ಕು ಸೆಕೆಂಡ್ ಮೆದುಳು ನಿದ್ದೆ ಹೋಗುತ್ತದೆ. 80ರ ವೇಗದಲ್ಲಿ ನಾಲ್ಕು ಸೆಕೆಂಡ್ ಅಂದರೆ ಸುಮಾರು 90 ಮೀಟರ್. ದಯವಿಟ್ಟು ಶನಿವಾರ ಬೆಳಗ್ಗೆ ಐದೂವರೆಗೆ ಹೊರಡಿ.

ಎರಡು ಗಂಟೆಗೊಮ್ಮೆ ನಿಲ್ಲಿಸಿ. ಕಣ್ಣು ಎಳೆಯುತ್ತಿದ್ದರೆ ಕಿಟಕಿ ತೆಗೆದು ಹಾಡು ಹಾಕಿದರೆ ಹೋಗುವುದಿಲ್ಲ. ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಒಂದು ಕಾಫಿ ಕುಡಿದು, ಕೂಡಲೇ ಇಪ್ಪತ್ತು ನಿಮಿಷ ಮಲಗಿ. ಕಾಫಿ ಮೈಗೆ ಹತ್ತುವ ಹೊತ್ತಿಗೆ ಎಚ್ಚರವಾಗುತ್ತದೆ. ಹಾಗೆ ಮಲಗುವಾಗ ಗ್ಲಾಸ್ ಮುಚ್ಚಿ ಎಂಜಿನ್ ಓಡಿಸಿಕೊಂಡು ಎ.ಸಿ. ಹಾಕಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಗಾಳಿ ಒಳಗೆ ಬಂದರೆ ಅದಕ್ಕೆ ವಾಸನೆಯಿಲ್ಲ, ನಿದ್ದೆಯಲ್ಲೇ ಜೀವ ಹೋಗಬಹುದು. ಐದು ಜನ ತುಂಬಿದ ಕಾರಿನಲ್ಲಿ ಎ.ಸಿ.ಯ ಒಳಗಾಳಿ ಬಟನ್ ಸದಾ ಒತ್ತಿಟ್ಟಿದ್ದರೂ ಗಾಳಿ ಕೆಟ್ಟು ಮಂಕು ಕವಿಯುತ್ತದೆ. ಆಗಾಗ ಹೊರಗಾಳಿ ಬಿಡಿ.

ಶುಗರ್ ಇರುವವರಿಗೆ ಕಾರಿನಲ್ಲಿ ದೊಡ್ಡ ತೊಂದರೆ ಊಟದ ಹೊತ್ತು ತಪ್ಪುವುದು. 'ಇನ್ನೊಂದು ಒಳ್ಳೇ ಹೋಟೆಲ್ ಬರಲಿ' ಅಂತ ಒಂದೂವರೆ ಗಂಟೆ ತಳ್ಳುತ್ತಾರೆ. ಬೆಳಗ್ಗೆ ಗ್ಲಿಮೆಪಿರೈಡ್ ಅನ್ನುವ ಶುಗರ್ ಮಾತ್ರೆ ನುಂಗಿದವರಿಗೆ, ಇನ್ಸುಲಿನ್ ತೆಗೆದುಕೊಂಡವರಿಗೆ ಅಷ್ಟರಲ್ಲಿ ಶುಗರ್ ಕುಸಿದು ಕೈ ನಡುಗುತ್ತದೆ. ಸಕ್ಕರೆ ಪೊಟ್ಟಣ ಅವರ ಜೇಬಿನಲ್ಲೇ ಇರಲಿ, ಡಿಕ್ಕಿಯ ಬ್ಯಾಗಿನಲ್ಲಿ ಇದ್ದರೆ ಉಪಯೋಗಕ್ಕೆ ಬರಲ್ಲ. ಇನ್ಸುಲಿನ್ ಅನ್ನು ಡ್ಯಾಶ್‌ಬೋರ್ಡ್ ಮೇಲಾಗಲಿ ನಿಲ್ಲಿಸಿದ ಕಾರಿನೊಳಗಾಗಲಿ ಬಿಡಬೇಡಿ.

ವಿಮಾನ

ಹಾರುವಾಗ ಒಳಗಿನ ಗಾಳಿಯ ಒತ್ತಡ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟು. ಮುಳ್ಳಯ್ಯನಗಿರಿ ತುದಿ ಸುಮಾರು 6,300 ಅಡಿ. ಅಂದರೆ ಪ್ರಯಾಣದುದ್ದಕ್ಕೂ ಆ ತುದಿಯಲ್ಲಿ, ಇಲ್ಲವೇ ಅದಕ್ಕಿಂತ ಮೇಲೆ ಕೂತ ಹಾಗೆ. ಆರೋಗ್ಯವಂತರಿಗೆ ಗೊತ್ತೇ ಆಗುವುದಿಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು ಬರುವ ಹೃದಯ, ಶ್ವಾಸಕೋಶದ ಕಾಯಿಲೆಯವರು ಮಾತ್ರ ಟಿಕೆಟ್‌ಗೆ ಮೊದಲು ಡಾಕ್ಟರ್‌ಗೆ ತೋರಿಸಬೇಕು.

ನೆಗಡಿ ಇದ್ದಾಗ ಇಳಿಯುವ ಹೊತ್ತಿನಲ್ಲಿ ಕಿವಿ ವಿಪರೀತ ನೋಯುತ್ತದೆ. ಇಳಿಯಲು ಅರ್ಧ ಗಂಟೆ ಇರುವಾಗ ದೊಡ್ಡವರು ಮೂಗಿಗೆ ಬಿಡುವ ಡ್ರಾಪ್ಸ್ ಹಾಕಿಕೊಳ್ಳಬಹುದು, ಬಿ.ಪಿ. ಇರುವವರು ಕೇಳಿಕೊಂಡು. ಕೂಸುಗಳಿಗೆ ಆ ಹೊತ್ತಿಗೆ ಹಾಲು ಕುಡಿಸಿ, ನುಂಗುತ್ತಿದ್ದರೆ ಕಿವಿ ಬಿಡುತ್ತದೆ. ಮಗಳ ಬಾಣಂತನಕ್ಕೆ ಅಂತ ಅಮೆರಿಕಕ್ಕೆ ಹೊರಟ ತಾಯಂದಿರಿಗೆ ಇನ್ನೆರಡು ಮಾತು: ಮಂಡಿ ಕೆಳಗಿನ ಬಿಗಿ ಸಾಕ್ಸ್ ಬಗ್ಗೆ ಡಾಕ್ಟರ್ ಹತ್ತಿರ ಕೇಳಿ, ಮತ್ತು ಬಿ.ಪಿ., ಶುಗರ್, ಥೈರಾಯ್ಡ್ ಔಷಧಿಯನ್ನೆಲ್ಲ ಕೈಚೀಲದಲ್ಲೇ ಇಟ್ಟುಕೊಳ್ಳಿ. ಸೂಟ್‌ಕೇಸ್ ಬೇರೆ ಊರಿಗೆ ಹೋದರೂ ಮಾತ್ರೆ ನಿಮ್ಮ ಹತ್ತಿರ ಇರಬೇಕು. ಕೆಳಗಿನ ಸರಕು ಜಾಗದಲ್ಲಿ ಇನ್ಸುಲಿನ್ ಹೆಪ್ಪುಗಟ್ಟಿ ಕೆಡಲೂಬಹುದು.

ಕೇದಾರಕ್ಕೆ ಹೋಗುವವರಿಗೆ

ಕೇದಾರನಾಥ ಇರುವುದು 3,583 ಮೀಟರ್ ಎತ್ತರದಲ್ಲಿ. 'ಅಪ್ಪನಿಗೆ ಹೃದಯದ ತೊಂದರೆ, ನಡೆಯಕ್ಕಾಗಲ್ಲ, ಅದಕ್ಕೇ ಹೆಲಿಕಾಪ್ಟರ್' ಅನ್ನುತ್ತಾರೆ. ಹೆಲಿಕಾಪ್ಟರ್ ನಡಿಗೆಯ ಆಯಾಸ ಉಳಿಸುತ್ತದೆ, ತೆಳು ಗಾಳಿಯನ್ನು ಬದಲಿಸುವುದಿಲ್ಲ. ಕೆಲವೇ ನಿಮಿಷದಲ್ಲಿ ಅಷ್ಟು ಮೇಲೆ ಇಳಿಸಿದರೆ ಮೈಗೆ ಹೊಂದಿಕೊಳ್ಳಲು ಸಮಯವೇ ಸಿಗುವುದಿಲ್ಲ. ಹೋಗುವ ಮುಂಚೆ ಕೆಳಗಿನ ಊರುಗಳಲ್ಲಿ ಒಂದೆರಡು ರಾತ್ರಿ ತಂಗಿ. ಮೇಲೆ ಹೋದ ಮೇಲೆ ತಲೆನೋವು, ವಾಕರಿಕೆ ಬಂದರೆ ಇನ್ನೂ ಮೇಲಕ್ಕೆ ಹೋಗಬೇಡಿ. ಮಾತು ತೊದಲಿದರೆ, ನಡೆಯುವಾಗ ಓಲಾಡಿದರೆ, ಕೂತಲ್ಲೇ ಉಸಿರು ಕಟ್ಟಿದರೆ ತಕ್ಷಣ ಕೆಳಗಿಳಿಸಬೇಕು. ದರ್ಶನ ಆಗಿಲ್ಲ ಅಂತ ಕಾಯಬಾರದು. ವಿಮಾನದಲ್ಲಿ ನೇರ ಲೇಹ್‌ಗೆ ಹೋಗುವ ಹುಡುಗರಿಗೂ ಇದೇ ಮಾತು: ಅದು ಸುಮಾರು 3,500 ಮೀಟರ್, ಮೊದಲ ಎರಡು ದಿನ ಸುಮ್ನೆ ರೂಮಿನಲ್ಲಿರಿ.

ನಡೆದು ಹೋಗುವವರು

ಶಿವರಾತ್ರಿ ಹತ್ತಿರ ಬಂದಾಗ ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ಪಾದಯಾತ್ರೆ ಹೊರಟವರು ನಮ್ಮ ಊರಿನ ಮೇಲೇ ಹೋಗುತ್ತಾರೆ. ಅಷ್ಟೊತ್ತಿಗೆ ಕಾಲಲ್ಲಿ ಬೊಬ್ಬೆ ಎದ್ದಿರುತ್ತದೆ, ತೊಡೆ ಸಂದು ಉಜ್ಜಿ ಕೆಂಪಾಗಿರುತ್ತದೆ. ಯಾತ್ರೆಗೆಂದು ಹೊಸ ಶೂ ಕೊಳ್ಳಬೇಡಿ, ಕೊಂಡರೂ ಒಂದು ತಿಂಗಳು ಮೊದಲೇ ಹಾಕಿ ನಡೆದು ಪಳಗಿಸಿ. ತೆಳು ಸಾಕ್ಸ್ ಮೇಲೆ ಇನ್ನೊಂದು ಸಾಕ್ಸ್ ಹಾಕಿದರೆ ಚರ್ಮಕ್ಕೆ ಉಜ್ಜುವುದು ಕಡಿಮೆ. ಬೆಳಗ್ಗೆ ಹೊರಡುವ ಮುಂಚೆ ಬೆರಳ ಸಂದಿಗೆ, ತೊಡೆಗೆ ವ್ಯಾಸಲೀನ್ ಹಚ್ಚಿ. ಸಣ್ಣ ಬೊಬ್ಬೆ ಒಡೆಯಬೇಡಿ, ಮೇಲಿನ ಚರ್ಮವೇ ಅದಕ್ಕೆ ಒಳ್ಳೇ ಬ್ಯಾಂಡೇಜ್. ಒಡೆದಿದ್ದರೆ ಚರ್ಮ ಕಿತ್ತು ಹಾಕದೆ, ತೊಳೆದು, ಮುಲಾಮು ಹಚ್ಚಿ ಮುಚ್ಚಿ.

ಬೆವರು ಸುರಿಯುವಾಗ ಬರೀ ನೀರು ಸಾಲದು. ಒ.ಆರ್.ಎಸ್. ಪೊಟ್ಟಣ ಕೊಳ್ಳುವಾಗ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಅಂತ ಇದೆಯಾ ನೋಡಿ, ಒಂದು ಲೀಟರಿನ ಪೊಟ್ಟಣವನ್ನು ಒಂದೇ ಲೀಟರ್‌ಗೆ ಪೂರ್ತಿ ಕಲಸಿ. ಸಿಗದಿದ್ದರೆ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ಶುಗರ್ ಇರುವವರು ಹರಕೆ ಹೊತ್ತಿದ್ದರೂ ಬರಿಗಾಲಲ್ಲಿ ನಡೆಯಬೇಡಿ ಅಂತ ಕೈ ಮುಗಿದು ಕೇಳುತ್ತೇನೆ. ಪಾದದ ಸ್ಪರ್ಶ ಮಂಕಾಗಿದ್ದರೆ ಮುಳ್ಳು ಹೊಕ್ಕಿದ್ದೂ, ಡಾಂಬರು ಸುಟ್ಟಿದ್ದೂ ಗೊತ್ತಾಗುವುದಿಲ್ಲ. ದಿನಾ ರಾತ್ರಿ ಜೊತೆಯವರಿಂದ ಅಂಗಾಲು ಟಾರ್ಚ್ ಹಾಕಿ ನೋಡಿಸಿಕೊಳ್ಳಿ. ಗಾಯ ಕಂಡರೆ ಅಲ್ಲಿಂದ ಮುಂದಕ್ಕೆ ಬಸ್ಸು ಹತ್ತಿ, ಡಾಕ್ಟರ್‌ಗೆ ತೋರಿಸಿ.